ಕಿವಿಯಲ್ಲಿ ಕಾರ್ಟೂನು ನೋಡಿದವನು

ಮಾರ್ಕಂಡ ಕಾರ್ಟೂನನ್ನು ಕಿವಿಯಿಂದ ನೋಡುತ್ತಿದ್ದ. ಮೊಳಕಾಲ್ಮೂರಿನ ಅವನ ಮನೆಯ ಪಡಸಾಲೆಯಲ್ಲಿ ಗುಂಡಿ ಮಗ್ಗವಿತ್ತು. ಗುಂಡಿಯೊಳಗೆ ಕಾಲು ಇಳಿಬಿಟ್ಟು, ಎದುರಿಗೆ ಬಿಗಿದ ರೇಷ್ಮೆ ಎಳೆಗಳ ಮೇಲೆ ಬಗ್ಗಿ ಕೂತನೆಂದರೆ ಅವನ ಕುತ್ತಿಗೆ ಅತ್ತಿತ್ತ ತಿರುಗುತ್ತಿರಲಿಲ್ಲ. ಫೋನನ್ನು ತುಂಡು ನೂಲಿನಿಂದ ಮಗ್ಗದ ಕಂಬಕ್ಕೆ ಕಟ್ಟಿರುತ್ತಿದ್ದ. ಅದರ ಮುಖ ಅವನ ಕಡೆಗಲ್ಲ, ನನ್ನ ಕಡೆಗೆ. ನಾನು ಗೋಡೆಗೆ ಒರಗಿ ಕೂತು, ಪರದೆಯ ಕೆಳಗೆ ಓಡುವ ಇಂಗ್ಲಿಷ್ ಸಾಲುಗಳನ್ನು ಕನ್ನಡ ಮಾಡಿ ಗಟ್ಟಿಯಾಗಿ ಹೇಳಬೇಕು. ಅವನು ನೇಯುತ್ತ ಕೇಳುತ್ತಾನೆ. ನಾನು ಸುಮ್ಮನಾದರೆ ಸಹಿಸುತ್ತಿರಲಿಲ್ಲ.

"ಓದಲೇ, ಯಾಕೆ ನಿಂತೆ?"

"ಯಾರೂ ಮಾತಾಡ್ತಿಲ್ಲ ಕಣೋ. ಬರೇ ಒಬ್ಬರನ್ನೊಬ್ಬರು ನೋಡ್ಕಂಡು ನಿಂತವ್ರೆ."

"ಅದನ್ನೇ ಹೇಳು. ಗಾಳಿ ಬೀಸ್ತೈತಾ? ಕೂದಲು ಹಾರ್ತೈತಾ?"

"ಹಾರ್ತೈತೆ."

"ಹಂಗಾದ್ರೆ ಹೊಡೆದಾಟ ಬಂತು ಬಿಡು."

ಅದು ಜಪಾನಿನ ಕಾರ್ಟೂನ್ ಧಾರಾವಾಹಿ. ವರ್ಷಗಟ್ಟಲೆ ನಡೆದು, ಈಗಲೂ ಮುಗಿಯದೆ ಎಳೆಯುತ್ತಿರುವ ಕತೆ. ಸಮುದ್ರದ ದಂಡೆಯಲ್ಲಿ ಉಪ್ಪು ಬೇಯಿಸುವ ಒಂದು ಹಳ್ಳಿ. ಅಲ್ಲಿನ ಇಬ್ಬರು ಹುಡುಗರು, ಒಂದೇ ದೋಣಿಯಲ್ಲಿ ಬೆಳೆದವರು. ಒಬ್ಬ ರಾಜಧಾನಿಗೆ ಹೋಗಿ ದೊಡ್ಡ ದಳಪತಿಯಾಗುತ್ತಾನೆ. ಇನ್ನೊಬ್ಬ ಅವನನ್ನು ಊರಿಗೆ ಕರೆತರಲು ನೂರಾರು ಕಂತು ಅಲೆಯುತ್ತಾನೆ. ನಾವು ಚಿಕ್ಕವರಿದ್ದಾಗ ಟಿ.ವಿ.ಯಲ್ಲಿ ತೆಲುಗು ಮಾತು ಹಾಕಿ ಅದನ್ನು ತೋರಿಸುತ್ತಿದ್ದರು. ಮಾರ್ಕಂಡನ ಮನೆಮಾತು ತೆಲುಗು, ನನಗೂ ಕೇರಿಯಲ್ಲಿ ಆಡಿ ಬಂದಿತ್ತು. ಜಪಾನಿ ಹೆಸರುಗಳು ಇಬ್ಬರ ನಾಲಿಗೆಯ ಮೇಲೂ ನಿಲ್ಲಲಿಲ್ಲ. ದಳಪತಿಯಾಗುವವನ ತಲೆಯ ಮೇಲೆ ಕೂದಲು ಕಟ್ಟಿತ್ತು, ಅವನಿಗೆ ಜುಟ್ಟು ಎಂದೂ, ಇನ್ನೊಬ್ಬನಿಗೆ ಗಿಡ್ಡ ಎಂದೂ ಮಾರ್ಕಂಡನೇ ಹೆಸರಿಟ್ಟ. ಗೆಳೆಯರಿಬ್ಬರೂ ಬೇರೆಯಾಗಿ, ಗಿಡ್ಡ ಒಬ್ಬನೇ ದೋಣಿ ಹತ್ತಿದ ಕಂತಿಗೆ ಆ ಚಾನೆಲ್ಲಿನವರು ನಿಲ್ಲಿಸಿಬಿಟ್ಟರು. ಮುಂದೆ ಏನಾಯಿತೆಂದು ನಮಗೆ ಗೊತ್ತಾಗಲಿಲ್ಲ.

ಗೊತ್ತಾಗಬೇಕಾದರೆ ನಾನು ಪಿ.ಯು.ಸಿ. ದಾಟಿ, ಚಳ್ಳಕೆರೆಯ ಕಾಲೇಜಿಗೆ ಬಿ.ಎಸ್ಸಿ.ಗೆ ಸೇರಿ, ಇಂಗ್ಲಿಷನ್ನು ತಡವರಿಸದೆ ಓದುವಂತಾಗಬೇಕಾಯಿತು. ಆ ಹೊತ್ತಿಗೆ ಫೋನಿನಲ್ಲಿ ಎಲ್ಲ ಕಂತುಗಳೂ ಸಿಗುತ್ತಿದ್ದವು. ಮಾತು ಜಪಾನಿ, ಕೆಳಗೆ ಇಂಗ್ಲಿಷ್. ಎಸ್.ಎಸ್.ಎಲ್.ಸಿ.ಯಲ್ಲಿ ಎರಡು ಸಲ ಇಂಗ್ಲಿಷಿನಲ್ಲೇ ಫೇಲಾಗಿ ಮಗ್ಗಕ್ಕಿಳಿದ ಮಾರ್ಕಂಡನಿಗೆ ಅದು ದಕ್ಕುತ್ತಿರಲಿಲ್ಲ. ಹೀಗೆ ನನ್ನ ಇಂಗ್ಲಿಷು ಮೊಟ್ಟಮೊದಲು ಕೆಲಸಕ್ಕೆ ಬಂದದ್ದು ಒಬ್ಬ ನೇಕಾರನ ಮಗ್ಗದ ಮುಂದೆ. ಆಮೇಲೆ ಬೇರೆಬೇರೆ ಕಡೆ ಬಂತು, ಆದರೆ ಅಷ್ಟು ಬೆಲೆ ಕೊಟ್ಟು ಯಾರೂ ಕೇಳಲಿಲ್ಲ.

ಅಡ್ಡ ನೂಲಿನ ಲಾಳಿ ಆ ಕಡೆಯಿಂದ ಈ ಕಡೆಗೆ ಬಂದು, ಎಳೆಯನ್ನು ಒತ್ತಿ ಕೂರಿಸುವ ಹಣಿಗೆ ಒಮ್ಮೆ ಬಡಿಯುವಷ್ಟರಲ್ಲಿ ನಾನು ಒಂದು ವಾಕ್ಯ ಮುಗಿಸಬೇಕಿತ್ತು. ಉದ್ದ ಎಳೆದರೆ ಬಡಿತದಲ್ಲಿ ಮಾತು ಮುಚ್ಚಿಹೋಗುತ್ತಿತ್ತು. "ಪುರಾಣ ಬ್ಯಾಡ, ಏನಂದ ಅಷ್ಟು ಹೇಳು" ಎಂದು ಗದರಿಸುತ್ತಿದ್ದ. ಚಿಕ್ಕದಾಗಿ, ನೇರವಾಗಿ, ಕೇಳುವವನಿಗೆ ತಲುಪುವಂತೆ ಹೇಳುವುದನ್ನು ನನಗೆ ಯಾವ ಮೇಷ್ಟರೂ ಕಲಿಸಲಿಲ್ಲ. ಅವನು ಕಲಿಸಿದ. ಮುಂದೆ ಕೆಲಸದ ಸಂದರ್ಶನದಲ್ಲಿ ಐದು ಜನರ ಮುಂದೆ ಕೂತು ಹೆದರದೆ ಉತ್ತರ ಕೊಟ್ಟಿದ್ದು ಆ ಕಲಿಕೆಯಿಂದ. ಇದನ್ನು ನಾನು ಅವನಿಗೆ ಯಾವತ್ತೂ ಹೇಳಲಿಲ್ಲ.

ಅವನಿಗೆ ಆ ಕತೆಯಲ್ಲಿ ಒಪ್ಪಿಗೆಯಾಗದ ಸಂಗತಿಗಳು ಬಹಳ ಇದ್ದವು. "ಕತ್ತಿ ಹಿಡ್ಕಂಡು ಅಷ್ಟೊತ್ತು ಮಾತಾಡ್ತಾರೇನಲೇ? ಅಷ್ಟರಾಗೆ ಒಂದು ಗೇಣು ನೇಯ್ಬೋದು." ಆದರೆ ಹೊಡೆದಾಟ ಶುರುವಾದರೆ ಅವನ ಕೈಯೂ ಬಿಗಿಯುತ್ತಿತ್ತು. ಬಡಿತ ಜೋರಾಗಿ, ಸೀರೆಯಲ್ಲಿ ಅಷ್ಟು ಜಾಗ ಮಾತ್ರ ಗಟ್ಟಿಯಾಗಿ ಕೂರುತ್ತಿತ್ತು. ಕಣ್ಣಿಗೆ ಕಾಣದು, ಅಂಗೈಗೆ ಸಿಗುತ್ತದೆ. ಅವನ ಅಪ್ಪ ವೆಂಕಟಪ್ಪ ಸಂಜೆ ಬಂದು, ನೇಯ್ದಷ್ಟರ ಮೇಲೆ ಅಂಗೈ ಆಡಿಸುತ್ತ ಹೋಗಿ ಒಂದು ಕಡೆ ನಿಲ್ಲಿಸುತ್ತಿದ್ದರು.

"ಏಮಿರಾ, ಈಡ ಎವರೋ ಕೊಟ್ಲಾಡಿನಾರು."

ಏನೋ, ಇಲ್ಲಿ ಯಾರೋ ಹೊಡೆದಾಡಿದ್ದಾರೆ ಎಂದು. ಮಾರ್ಕಂಡ ನನ್ನ ಕಡೆ ಕೈ ತೋರಿಸುತ್ತಿದ್ದ. "ಇವನೇ ಅಪ್ಪಾ, ಮೆಲ್ಲಗೆ ಓದು ಅಂದ್ರೆ ಕೇಳಲ್ಲ."

ತಿಂಗಳಿಗೊಂದು ದಿನ ಅವನಿಗೆ ಕಣ್ಣಿನಿಂದ ನೋಡುವ ಭಾಗ್ಯ. ಅಮಾವಾಸ್ಯೆಗೆ ನಮ್ಮಲ್ಲಿ ಮಗ್ಗ ಆಡಿಸುವುದಿಲ್ಲ. ಅವತ್ತು ಬೆಳಿಗ್ಗೆ ಪೂಜೆ ಮುಗಿಸಿ, ಒಗ್ಗರಣೆ ಮಂಡಕ್ಕಿ ಮೆಣಸಿನಕಾಯಿ ತಂದಿಟ್ಟು, ತಿಂಗಳಿಡೀ ಕೇಳಿದ ಕಂತುಗಳನ್ನು ಹಿಂದಕ್ಕೆ ಓಡಿಸಿ ನೋಡುತ್ತಿದ್ದ. "ಇವಳು ಇಷ್ಟು ಚಂದಿದ್ದಾಳಾ! ನೀನು ಹೇಳ್ಲೇ ಇಲ್ವಲ್ಲಲೇ" ಎಂದು ನನ್ನನ್ನು ತಿವಿಯುತ್ತಿದ್ದ. ನಾನು ಚಳ್ಳಕೆರೆಯ ಹಾಸ್ಟೆಲಿನಲ್ಲಿದ್ದೆ. ಶನಿವಾರ ಮಧ್ಯಾಹ್ನ ಬರುವುದು, ಭಾನುವಾರ ಸಂಜೆ ಹಿಂತಿರುಗುವುದು. ಅಮಾವಾಸ್ಯೆ ವಾರದ ನಡುವೆ ಬಿದ್ದರೆ ಕ್ಲಾಸು ತಪ್ಪಿಸಿ, ತಳಕು, ಬಿ.ಜಿ. ಕೆರೆ ಎಂದು ನಿಂತು ನಿಂತು ಬರುವ ಬಸ್ಸಿನಲ್ಲಿ ಬಂದುಬಿಡುತ್ತಿದ್ದೆ.

ಇಷ್ಟು ಓದಿದವರಿಗೆ ನಮ್ಮದು ಸರಿಸಮ ಗೆಳೆತನ ಅನ್ನಿಸಬಹುದು. ಅಷ್ಟು ಸರಳವಾಗಿರಲಿಲ್ಲ. ನನ್ನ ಅವ್ವ ಅವರ ಮನೆಗೆ ಕಂಡಿಕೆ ಸುತ್ತಲು ಬರುತ್ತಿದ್ದಳು. ಲಾಳಿಯೊಳಗೆ ಇಡುವ ಚಿಕ್ಕ ಕೊಳವೆಗೆ ನೂಲು ಸುತ್ತುವ ಕೆಲಸ, ಹಿತ್ತಲ ಬಾಗಿಲ ಹತ್ತಿರ ಕೂತು ಮಾಡುವುದು. ಊರಿನಲ್ಲಿ ಅವಳು ಕಂಡಿಕೆ ಗಂಗಮ್ಮ. ಅಪ್ಪ ಚಳ್ಳಕೆರೆಯ ಎಣ್ಣೆ ಗಿರಣಿಗಳಲ್ಲಿ ಶೇಂಗಾ ಮೂಟೆ ಹೊತ್ತು ಬೆನ್ನು ಮುರಿದುಕೊಂಡವನು. ನಾನು ನಮ್ಮ ಮನೆಯಲ್ಲಿ ಡಿಗ್ರಿ ಮುಟ್ಟಿದ ಮೊದಲಿಗ. ಫಲಿತಾಂಶ ಬಂದ ದಿನ ಅಂಕಪಟ್ಟಿ ಹಿಡಿದು ನೇರ ಮಾರ್ಕಂಡನ ಮನೆಗೆ ಹೋದೆ. ಅವನು ತಲೆಯೆತ್ತದೆ ಕೇಳಿದ.

"ಪಾಸಾ?"

"ಪಾಸ್ ಏನಲೇ, ಫಸ್ಟ್ ಕ್ಲಾಸು!"

"ಹಂಗಾದ್ರೆ ಇನ್ಮೇಲೆ ಬೇಗ ಬೇಗ ಓದ್ತೀಯ ಬಿಡು. ಕೂತ್ಕ."

ಆಗ ಅವರ ಮನೆಯ ಅಂಗಳದಿಂದ ಯಾರೋ ಕೇಳಿದರು, ಯಾರು ಬಂದಿರೋದು ಎಂದು. "ಯಾರಿಲ್ಲ, ನಮ್ ಕಂಡಿಕೆ ಗಂಗಮ್ಮನ ಮಗ, ತಿಪ್ಪೇಶ" ಎಂದು ಮಾರ್ಕಂಡ ಕೂಗಿದ. ಪ್ರೀತಿಯಿಂದಲೇ ಕೂಗಿದ. ನಾನು ಅಂಕಪಟ್ಟಿಯನ್ನು ಮಡಚಿ ಜೇಬಿಗಿಟ್ಟುಕೊಂಡೆ. ಅವ್ವನ ಕೆಲಸದ ಬಗ್ಗೆ ನನಗೆ ನಾಚಿಕೆಯಿರಲಿಲ್ಲ, ಇವತ್ತೂ ಇಲ್ಲ. ಆದರೆ ಆ ಊರಿನಲ್ಲಿ ನಾನು ಏನೇ ಓದಿದರೂ ಆ ಹಿತ್ತಲ ಬಾಗಿಲಿನಿಂದ ಈಚೆಗೆ ಬರುವುದಿಲ್ಲ ಎಂದು ಅವತ್ತು ಖಚಿತವಾಯಿತು.

ಮಾರ್ಕಂಡನ ಲೆಕ್ಕ ಬೇರೆ ಇತ್ತು. ತಾನು ನೇಯಬೇಕು, ನಾನು ಮಾರಬೇಕು. ಅಂಗಡಿಯವರ ಕೈಗೆ ಸೀರೆ ಕೊಟ್ಟು ಕಾಯುವುದನ್ನು ಬಿಟ್ಟು, ನಾವೇ ಫೋಟೋ ಹಾಕಿ, ಕೊಳ್ಳುವವರ ಜೊತೆ ನೇರ ಮಾತಾಡಬೇಕು. "ನೀನು ಇಂಗ್ಲಿಷ್‌ನಾಗೆ ನಾಕು ಮಾತು ಬರಿ, ನಮ್ ಸೀರೆ ವಿಮಾನ ಹತ್ತದಿದ್ರೆ ಕೇಳು." ನಾನು ಎಂ.ಎಸ್ಸಿ. ಓದಲು ದಾವಣಗೆರೆಗೆ ಹೋದ ಮೇಲೂ ಆ ಮಾತು ನಿಲ್ಲಲಿಲ್ಲ. ಒಂದು ಸಲ ಬಂದು ನೋಡಿದರೆ ಮುಂದಿನ ಕೋಣೆಯ ನೂಲಿನ ಚೀಲಗಳನ್ನೆಲ್ಲ ಅಟ್ಟಕ್ಕೆ ಹಾಕಿ, ಸುಣ್ಣ ಬಳಿದು, ಒಂದು ಮೇಜು, ಒಂದು ಕುರ್ಚಿ ಇಟ್ಟಿದ್ದ. ನೆಲದ ಮೇಲೆ, ಗುಂಡಿಯ ಅಂಚಿನಲ್ಲಿ ಕೂತೇ ಬದುಕುವ ಮನೆ ಅದು. ಅಲ್ಲಿ ಕುರ್ಚಿ ನೋಡಿ ನನಗೆ ನಗು ಬಂತು.

"ಇದ್ಯಾರಿಗೋ?"

"ನಿಂಗೆ ಕಣಲೇ, ಮ್ಯಾನೇಜರ್ರು ನೆಲದ ಮೇಲೆ ಕೂರ್ತಾರಾ? ಬರ್ತೀಯ ತಾನೆ?"

"ನೋಡಾನ" ಎಂದೆ. ನಾನು ಎಷ್ಟು ಸಲ ನೋಡಾನ ಎಂದೆನೋ. ನಮ್ಮ ಕಡೆ ಆ ಮಾತಿಗೆ ಹೌದು ಎಂದೂ ಅರ್ಥ ಹೇಳಬಹುದು, ಇಲ್ಲ ಎಂದೂ ಹೇಳಬಹುದು. ಕೇಳುವವನ ಆಸೆಗೆ ತಕ್ಕಂತೆ.

ಎಂ.ಎಸ್ಸಿ. ಪರೀಕ್ಷೆ ಮುಗಿಸಿ ನಾನು ಊರಿಗೆ ಬಂದ ವಾರವೇ ಆಂಧ್ರದ ಧರ್ಮಾವರದಿಂದ ಅವನ ಸೋದರಮಾವನ ಫೋನು ಬಂತು. ಅಲ್ಲಿ ಅವರು ಹೊಸದಾಗಿ ಮಗ್ಗಗಳನ್ನು ಹಾಕಿದ್ದರು. ಅಂಚಿನ ಕೆಲಸ ಬಲ್ಲವನು, ಹತ್ತು ಜನರಿಂದ ಕೆಲಸ ತೆಗೆಯುವವನು ಬೇಕು, ನೀನೇ ಬಂದು ನಿಂತುಕೋ ಎಂದರು. ಬರದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ, ಎರಡು ದಿನದಲ್ಲಿ ಹೇಳು ಎಂದರು. ವೆಂಕಟಪ್ಪನವರಿಗೆ ಮಗ ಹೋಗಲಿ ಎಂದೇ ಇತ್ತು. ಮಾರ್ಕಂಡ ನನ್ನನ್ನು ಕೂರಿಸಿಕೊಂಡ.

"ನೀನು ಬರೋದಾದ್ರೆ ನಾನು ಇಲ್ಲೇ. ಬರಲ್ಲ ಅಂದ್ರೆ ಧರ್ಮಾವರ. ಇವತ್ತು ಒಂದು ಮಾತು ಹೇಳ್ಬಿಡು."

ಕುದಾಪುರದ ಕಡೆ ಒಂದು ಸಂಶೋಧನಾ ಕೇಂದ್ರದ ಪ್ರಯೋಗಾಲಯದ ಕೆಲಸಕ್ಕೆ ನಾನು ಆಗಲೇ ಅರ್ಜಿ ಹಾಕಿ, ಸಂದರ್ಶನವನ್ನೂ ಮುಗಿಸಿ ಬಂದಿದ್ದೆ. ಅದನ್ನು ಅವನಿಗೆ ತಿಳಿಸಿರಲಿಲ್ಲ. "ಈ ಕಂತು ಮುಗೀಲಿ, ಹೇಳ್ತೀನಿ" ಎಂದೆ.

ಅವತ್ತಿನದು ಅಂತಿಂಥ ಕಂತಲ್ಲ. ನಾವು ಐದು ವರ್ಷದಿಂದ ಕಾದದ್ದು ಅದಕ್ಕೆ. ಒಂದು ಸೇತುವೆಯ ಮೇಲೆ ಗಿಡ್ಡನಿಗೆ ಕೊನೆಗೂ ಜುಟ್ಟು ಸಿಗುತ್ತಾನೆ. ಮಾರ್ಕಂಡ ಲಾಳಿ ಕೈಯಲ್ಲಿ ಹಿಡಿದು, ನೇಯುವುದನ್ನು ನಿಲ್ಲಿಸಿಯೇ ಕೇಳುತ್ತಿದ್ದ. ಆದರೂ ಫೋನಿನ ಕಡೆ ತಿರುಗಲಿಲ್ಲ. ಗಿಡ್ಡ ಹೇಳಿದ: ಮನೆಗೆ ಹೋಗೋಣ ಬಾ, ದೋಣಿಯಲ್ಲಿ ನಿನ್ನ ಜಾಗ ಹಾಗೇ ಇದೆ. ನಾನು ಓದಿದೆ. ಆಮೇಲೆ ಜುಟ್ಟಿನ ಉತ್ತರ ಪರದೆಯ ಮೇಲೆ ಬಂತು. ನನ್ನನ್ನು ಕಾಯಲು ನಿನಗೆ ಯಾರು ಹೇಳಿದರು? ನಿನ್ನ ಪಕ್ಕ ನಿಂತರೆ ನಾನು ಆ ಹಳ್ಳಿಯ ಹುಡುಗನಾಗಿಯೇ ಉಳಿಯುತ್ತೇನೆ. ಆ ಹುಡುಗ ನನಗೆ ಬೇಡ. ಹೊರಟುಹೋಗು.

ಅದನ್ನು ನಾನು ಓದಲಿಲ್ಲ. ಯಾರೋ ನನ್ನ ಹೊಟ್ಟೆಯೊಳಗೆ ಕೈ ಹಾಕಿ ಆ ಮಾತು ತೆಗೆದಂತಿತ್ತು.

"ಏನಂದಲೇ? ಏನಂದ ಜುಟ್ಟು?"

"ಇಲ್ಲಿ ಒಂದು ಕೆಲಸ ಐತೆ, ಮುಗಿಸಿ ಬರ್ತೀನಿ ಅಂದ" ಎಂದೆ. "ನನ್ ಜಾಗ ಯಾರಿಗೂ ಕೊಡಬ್ಯಾಡ ಅಂದ."

ಫೋನಿನಲ್ಲಿ ಗಿಡ್ಡ ಬಿಕ್ಕುವುದು ಕೇಳಿಸುತ್ತಿತ್ತು.

"ಮತ್ತೆ ಗಿಡ್ಡ ಯಾಕೆ ಅಳ್ತಾನೆ?"

"ಸಂತೋಷಕ್ಕೆ."

ಕೈಚಾಚಿ ಫೋನು ಆರಿಸಿದೆ. ಚಾರ್ಜು ಮುಗೀತು ಎಂದೆ. ಮಾರ್ಕಂಡನ ಮುಖ ಅರಳಿಹೋಗಿತ್ತು. "ನಂಗೆ ಗೊತ್ತಿತ್ತು ಕಣಲೇ! ಜುಟ್ಟು ಆಡಿದ್ರೂ ಒಂದೇ, ನೀನು ಆಡಿದ್ರೂ ಒಂದೇ" ಎಂದು ಗುಂಡಿಯಿಂದ ಮೇಲೆ ಬಂದು, ಅಪ್ಪನ ಫೋನು ತೆಗೆದುಕೊಂಡು, ನನ್ನೆದುರಿಗೇ ಧರ್ಮಾವರಕ್ಕೆ ಮಾಡಿದ. ತಾನು ಬರುವುದಿಲ್ಲ, ಬೇರೆಯವರನ್ನು ನೋಡಿಕೊಳ್ಳಿ ಎಂದು ತೆಲುಗಿನಲ್ಲಿ ಹೇಳಿದ. ನಾನು ಬೇಡ ಎನ್ನಬಹುದಿತ್ತು. ಅವನು ಮಾತಾಡಿ ಮುಗಿಸುವವರೆಗೂ ನನಗೆ ಸಮಯವಿತ್ತು. ಗೋಡೆಗೆ ಒರಗಿಕೊಂಡು ಸುಮ್ಮನೆ ಕೂತೆ. ಕಾರ್ಟೂನಿನ ಮಾತು ತಿರುಚಿದ್ದಕ್ಕಿಂತ ಆ ಸುಮ್ಮನಿದ್ದದ್ದು ದೊಡ್ಡ ಸುಳ್ಳು.

ತಿಂಗಳು ತುಂಬುವುದರೊಳಗೆ ನನಗೆ ಕುದಾಪುರದ ಕೆಲಸದ ಆದೇಶ ಬಂತು. ಅವ್ವ ನನ್ನ ಕೊರಳಿನ ಗುರುತಿನ ಚೀಟಿಯನ್ನು ಹಿಡಿದು, ಫೋಟೋದ ಮೇಲೆ ಬೆರಳಾಡಿಸಿ, ಆ ದಿನದಿಂದ ಕಂಡಿಕೆ ಬಿಟ್ಟಳು. ನಾನು ಚಳ್ಳಕೆರೆಯಲ್ಲಿ ಮನೆ ಮಾಡಿದೆ. ಆ ಹೆಮ್ಮೆಯನ್ನು ನಾನು ಯಾರ ಮುಂದೆಯೂ ಕಡಿಮೆ ಮಾಡಿ ಹೇಳುವುದಿಲ್ಲ. ಮಾರ್ಕಂಡನಿಗೆ ಮಾತ್ರ, "ಸ್ವಲ್ಪ ದಿನ ಅನುಭವ ಆಗ್ಲಿ ಅಂತ ಸೇರೀನಿ" ಎಂದೆ. "ಆಗ್ಲಿ ಬಿಡು. ಮುಂದಿನ ಕಂತು ನೀನು ಬಂದ ಮೇಲೇ ನೋಡಾನ" ಎಂದ. ಶನಿವಾರಗಳು ತಪ್ಪಿದವು. ಆಮೇಲೆ ಅಮಾವಾಸ್ಯೆಗಳು ತಪ್ಪಿದವು. ಚಳ್ಳಕೆರೆಯಿಂದ ಮೊಳಕಾಲ್ಮೂರು ಏನು ದೂರ? ಬೆಳಿಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ವಾಪಸ್ಸು ಬರಬಹುದು. ದೂರದ ನೆಪವೂ ನನಗಿರಲಿಲ್ಲ.

ಎರಡು ವರ್ಷದ ಮೇಲೆ, ಯಾರದೋ ಮದುವೆಗೆಂದು ಹೋದವನು ಅವನ ಮನೆಗೂ ಹೋದೆ. ವೆಂಕಟಪ್ಪ ತೀರಿಕೊಂಡು ಕೆಲವು ತಿಂಗಳಾಗಿದ್ದವು. ಅದಕ್ಕೂ ನಾನು ಫೋನಿನಲ್ಲೇ ಎರಡು ಮಾತು ಹೇಳಿ ಮುಗಿಸಿದ್ದೆ. ಮಾರ್ಕಂಡ ನೇಯುತ್ತಿದ್ದ. ಮೇಜು ಕುರ್ಚಿ ಇದ್ದಲ್ಲೇ ಇದ್ದವು. ಧರ್ಮಾವರದ ಕೆಲಸಕ್ಕೆ ಆಗಲೇ ಬೇರೊಬ್ಬ ನೆಂಟ ಹೋಗಿ ನೆಲೆ ನಿಂತಿದ್ದ. ಅವನು ಅಲ್ಲಿ ಮನೆ ಕಟ್ಟುತ್ತಿದ್ದಾನೆಂದು ಮಾರ್ಕಂಡನ ತಾಯಿ ನನಗೆ ನೀರು ಕೊಡುತ್ತ ಹೇಳಿದರು. ನನ್ನನ್ನು ನೋಡಿ ಹೇಳಲಿಲ್ಲ. ಅವರು ಒಳಗೆ ಹೋದ ಮೇಲೆ ಮಾರ್ಕಂಡ ಬಾಯಿಬಿಟ್ಟ.

"ಆ ಕಾರ್ಟೂನು ಈಗ ಪೂರ್ತಿ ತೆಲುಗಿನಾಗೆ ಬಿಟ್ಟವ್ರೆ, ಗೊತ್ತಾ?"

"ಗೊತ್ತಿಲ್ಲ" ಎಂದೆ.

"ಸೇತುವೆ ತಂಕ ನೋಡ್ದೆ. ಅಲ್ಲಿಗೆ ನಿಲ್ಸಿದ್ದೀನಿ." ಫೋನು ತೆಗೆದು, ಹುಡುಕಿ, ನನ್ನ ಮುಂದಿಟ್ಟ. ತೆಲುಗಿನದಲ್ಲ, ಹಳೆಯದೇ, ಕೆಳಗೆ ಇಂಗ್ಲಿಷ್ ಇರುವುದು. "ಆವತ್ತು ಓದದೆ ಬಿಟ್ಟೆಯಲ್ಲ, ಅದನ್ನ ಓದು."

"ಮಾರ್ಕಂಡಾ, ಅದು..."

"ಪುರಾಣ ಬ್ಯಾಡ. ಏನಂದ ಅಷ್ಟು ಹೇಳು."

ಅವನು ಲಾಳಿ ಹಾಕಿದ. ಹಣಿಗೆ ಬಡಿದ. ನಾನು ಓದಿದೆ. ನನ್ನನ್ನು ಕಾಯಲು ನಿನಗೆ ಯಾರು ಹೇಳಿದರು. ಲಾಳಿ ಆ ಕಡೆ ಹೋಯಿತು. ನಿನ್ನ ಪಕ್ಕ ನಿಂತರೆ ನಾನು ಆ ಹಳ್ಳಿಯ ಹುಡುಗನಾಗಿಯೇ ಉಳಿಯುತ್ತೇನೆ. ಈ ಕಡೆ ಬಂತು. ಆ ಹುಡುಗ ನನಗೆ ಬೇಡ. ಹೊರಟುಹೋಗು. ನಾನು ಓದಿ ಮುಗಿಸಿದ ಮೇಲೂ ಅವನು ಬೆರಳಗಲ ನೇಯ್ದ.

"ಹೂಂ. ಈಗ ಸರಿಯಾಯ್ತು" ಎಂದ. "ನೀನು ಹೋಗಿದ್ದಕ್ಕೆ ನಂಗೆ ಸಿಟ್ಟಿಲ್ಲ ಕಣೋ. ಆವತ್ತು ನಿನ್ ಬಾಯಾಗೆ ಇದು ಬಂದಿದ್ರೆ ಒಂದಿನ ಬೈತಿದ್ದೆ, ಮಾರ್ನೇ ದಿನ ಬಸ್ಸು ಹತ್ತಿರ್ತಿದ್ದೆ. ನಾನು ಫೋನ್ ಮಾಡೋವಾಗ ನೀನು ಇಲ್ಲೇ ಕೂತಿದ್ದೆ."

ನನಗೂ ರೇಗಿತು. ತಪ್ಪು ಮಾಡಿದವನಿಗೆ ರೇಗುವುದು ಬೇಗ. "ನೀನು ಯಾವತ್ತಾದ್ರೂ ನಾನು ಏನು ಓದ್ತೀನಿ ಅಂತ ಕೇಳಿದ್ದೀಯೇನೋ? ಇವತ್ತಿನ ತಂಕ ನನ್ ಸಬ್ಜೆಕ್ಟು ಯಾವುದು ಅಂತ ಗೊತ್ತಾ ನಿಂಗೆ? ಊರೆಲ್ಲ ಕೇಳೋ ಹಂಗೆ ಕಂಡಿಕೆ ಗಂಗಮ್ಮನ ಮಗ ಅಂತಿದ್ದೆ."

ಅವನು ಕೈ ನಿಲ್ಲಿಸಿ, ಮೊದಲ ಸಲ ತಿರುಗಿ ನನ್ನನ್ನು ನೋಡಿದ.

"ಕೇಳ್ಲಿಲ್ಲ. ತಪ್ಪೇ. ಹಂಗನ್ಬ್ಯಾಡ ಅಂತ ನಂಗೆ ಬೈಬೋದಿತ್ತಲ್ಲಲೇ. ಬೈಯೋಕೂ ನಾನು ಬ್ಯಾಡಾದ್ನಾ?"

ಅವನ ತಾಯಿ ಒಳಗಿನಿಂದ ಊಟಕ್ಕೆ ಏಳಿ ಎಂದರು. ಮದುವೆ ಮನೆಯಲ್ಲಿ ಊಟ ಇದೆ ಎಂದು ಹೇಳಿ ಹೊರಟೆ. ಅವನು ತಡೆಯಲಿಲ್ಲ.

ಕೊನೆಯ ಸಲ ಅವನನ್ನು ನೋಡಿದ್ದು ಹೋದ ವರ್ಷ, ಮೊಳಕಾಲ್ಮೂರಿನ ಬಸ್ ಸ್ಟ್ಯಾಂಡಿನಲ್ಲಿ. ಪಡಸಾಲೆಯ ಗುಂಡಿಗೆ ಮಣ್ಣು ತುಂಬಿ, ಮೇಲೆ ಬಂಡೆ ಹಾಸಿ, ಮನೆಯನ್ನು ಬಾಡಿಗೆಗೆ ಕೊಟ್ಟನೆಂದು ಕೇಳಿದ್ದೆ. ಹೊಸದಾಗಿ ಮದುವೆಯಾಗಿದ್ದ. ನನಗೆ ಕರೆಯೋಲೆ ಬಂದಿರಲಿಲ್ಲ. ಹೆಂಡತಿ, ತಾಯಿ, ಹೆಂಡತಿಯ ಅಣ್ಣ, ನಾಲ್ಕಾರು ಗಂಟುಗಳೊಂದಿಗೆ ರಾಯದುರ್ಗದ ಬಸ್ಸಿಗೆ ನಿಂತಿದ್ದ. ಅಲ್ಲಿಂದ ಮುಂದಕ್ಕೆ ಧರ್ಮಾವರ. ಹತ್ತು ಜನರ ಮೇಲೆ ನಿಲ್ಲುವುದಕ್ಕಲ್ಲ, ತನ್ನ ಬದಲು ಹೋದ ಆ ನೆಂಟನ ಕೈಕೆಳಗೆ ಪವರ್‌ಲೂಮು ನೋಡಿಕೊಳ್ಳುವುದಕ್ಕೆ. ಕರೆಂಟಿನಿಂದ ಓಡುವ ಮಗ್ಗ. ಅದರ ಮುಂದೆ ನೇಕಾರ ಕೂರುವುದಿಲ್ಲ, ನಿಂತು ಎಳೆ ಕಡಿದದ್ದನ್ನು ಗಂಟು ಹಾಕುತ್ತಿರುತ್ತಾನೆ. ಆ ಸದ್ದಿನಲ್ಲಿ ಪಕ್ಕದವನು ಕೂಗಿದರೂ ಕೇಳಿಸದು.

ನಾನು ಹತ್ತಿರ ಹೋಗಿ, ಒಂದು ಗಂಟನ್ನು ಬಸ್ಸಿನ ಮೇಲಕ್ಕೆ ಎತ್ತಿಕೊಡಲು ಕೈ ಹಾಕಿದೆ. ಮಾರ್ಕಂಡ ಅದನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡು ತಾನೇ ಎತ್ತಿದ. ಹೆಂಡತಿಯ ಅಣ್ಣ ನನ್ನ ಇಸ್ತ್ರಿ ಅಂಗಿ, ಕೊರಳಿನ ಚೀಟಿ ನೋಡಿ, ಇವರು ಯಾರು ಎಂದು ತೆಲುಗಿನಲ್ಲಿ ಕೇಳಿದ.

ಕಂಡಿಕೆ ಗಂಗಮ್ಮನ ಮಗ ಎನ್ನಲಿ ಎಂದು ಕಾದೆ. ಇಡೀ ಬಸ್ ಸ್ಟ್ಯಾಂಡಿಗೆ ಕೇಳುವಂತೆ ಕೂಗಿ ಹೇಳಲಿ.

"ಮಾ ಊರಾಯನ" ಎಂದ ಮಾರ್ಕಂಡ. ನಮ್ಮೂರಿನವರು. "ಕುದಾಪುರದಾಗೆ ಕೆಲಸ."

ಅಷ್ಟು ಹೇಳಿ ತಾಯಿಯ ಕೈ ಹಿಡಿದು ಬಸ್ಸು ಹತ್ತಿಸಿದ.